ಮೌಸ್ ಹಾಕಿದ ಕೂಡಲೇ ಓಡುತ್ತದೆ, ವೈಫೈಗೆ ಮಾತ್ರ ಚಿಪ್ಪಿಗೊಂದು ಡ್ರೈವರ್ ಯಾಕೆ?

ಪ್ರಶ್ನೆ: ಮಲೆನಾಡ ಗಣಿತ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ.

ಹೊಸನಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮಲ್ಲಿ ಓದಿ ಹೋದ ಒಬ್ಬರು ತಮ್ಮ ಆಫೀಸಿನಲ್ಲಿ ಬದಲಾಯಿಸಿದ 9 ಲ್ಯಾಪ್‌ಟಾಪ್‌ಗಳನ್ನು ಶಾಲೆಗೆ ಕೊಡಿಸಿದರು. ಎಲ್ಲದರಲ್ಲೂ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ಮುಗಿಯಿತು. 11 ಹಾಕೋಣವೆಂದರೆ ಈ ಹಳೆಯ ಪ್ರೊಸೆಸರ್‌ಗಳನ್ನು ಅದು ಒಪ್ಪುವುದಿಲ್ಲ. ನನ್ನ ಹತ್ತಿರ ಡೆಬಿಯನ್ 12ರ (ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್) ಪೆನ್‌ಡ್ರೈವ್ ಇತ್ತು. ಎರಡು ಶನಿವಾರ ಕೂತು ಒಂಬತ್ತಕ್ಕೂ ಅದನ್ನೇ ಹಾಕಿದೆ.

ಸ್ಕ್ರೀನ್, ಕೀಬೋರ್ಡ್, ಸೌಂಡ್, ಪ್ರೊಜೆಕ್ಟರ್ ಎಲ್ಲವೂ ಮೊದಲ ಸಲಕ್ಕೇ ಬಂದವು. ಕಾಡಿದ್ದು ವೈಫೈ ಒಂದೇ. ಐದು ಲ್ಯಾಪ್‌ಟಾಪ್‌ಗಳಲ್ಲಿ ತಕರಾರಿಲ್ಲ. ಆರನೆಯದನ್ನು ರೌಟರಿನ ಮೇಲೇ ಇಟ್ಟರೆ ಸಿಗ್ನಲ್ ಬರುತ್ತದೆ, ಮೂರು ಮೀಟರ್ ದೂರ ಹೋದರೆ ಇಲ್ಲ. ಏಳನೆಯದಕ್ಕೆ ನನ್ನ ಫೋನಿನ ಹಾಟ್‌ಸ್ಪಾಟ್ ಕಾಣುತ್ತದೆ, ಶಾಲೆಯ ರೌಟರ್ ಕಾಣುವುದೇ ಇಲ್ಲ. ಎಂಟು, ಒಂಬತ್ತರಲ್ಲಿ ಒಳಗಿನ ಕಾರ್ಡೇ ಸತ್ತಿದೆ. ಅವೆರಡಕ್ಕೆ ಯುಎಸ್‌ಬಿ ಡಾಂಗಲ್ ತಂದೆ. ಒಂದೇ ಕಂಪನಿ, ಒಂದೇ ಬಗೆಯ ಡಬ್ಬ, ಡಬ್ಬದ ಮೇಲೆ ಒಂದೇ ಮಾಡೆಲ್ ನಂಬರ್. ಒಂದು ಹಾಕಿದ ಕೂಡಲೇ ಓಡಿತು. ಇನ್ನೊಂದು ಹಾಕಿದರೆ ಡೆಸ್ಕ್‌ಟಾಪ್ ಮೇಲೆ ಒಂದು ಸಿಡಿ ಬಂದು ಕೂರುತ್ತದೆ! ತೆರೆದು ನೋಡಿದರೆ ಅದರೊಳಗೆ ವಿಂಡೋಸ್‌ನ ಸೆಟಪ್ ಫೈಲ್. ಎರಡೂ ಡಾಂಗಲ್‌ಗಳ ಐಡಿ ಕೆಳಗಿನ ಫೋಟೋದಲ್ಲಿದೆ.

ರಿಪೇರಿ ಹೇಗೆ ಎಂಬುದರ ಜೊತೆಗೆ ನನಗೆ ಇನ್ನೊಂದು ವಿಷಯ ಗೊತ್ತಾಗಬೇಕು. ಇದನ್ನೆಲ್ಲ ಪಕ್ಕದಲ್ಲೇ ನಿಂತು ನೋಡುತ್ತಿದ್ದ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಮೌಸ್ ಯಾವ ಕಂಪನಿಯದಾದರೂ ಹಾಕಿದ ಕೂಡಲೇ ಓಡುತ್ತೆ. ವೈಫೈ ಯಾಕೆ ಹಾಗಲ್ಲ? ವೈಫೈ ಕೂಡ ಸ್ಟ್ಯಾಂಡರ್ಡ್ ತಾನೇ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕೇಳಿ ಹೇಳುತ್ತೇನೆ ಅಂದಿದ್ದೇನೆ. ಅವಳಿಗೆ ಹೇಳುವ ಹಾಗೆ ಯಾರಾದರೂ ಬಿಡಿಸಿ ಹೇಳುತ್ತೀರಾ?

---

ಉತ್ತರ: ಚಿಪ್ಪಿನ ಈಚೆ ಕಡೆ

"ವೈಫೈ ಕೂಡ ಸ್ಟ್ಯಾಂಡರ್ಡ್ ತಾನೇ" ಎಂದಳಲ್ಲ, ಆ ಮಾತಿನಿಂದಲೇ ಶುರು ಮಾಡುತ್ತೇನೆ. ಬೆಂಗಳೂರಿನಲ್ಲಿ ವೈಫೈ ಚಿಪ್ ಮಾಡುವ ಒಂದು ಕಂಪನಿಯಲ್ಲಿ ನಾನು 12 ವರ್ಷ ಕೆಲಸ ಮಾಡಿದೆ. ಚಿಪ್ಪಿನ ಒಳಗೇ ಓಡುವ ತಂತ್ರಾಂಶ, ಅಂದರೆ ಫರ್ಮ್‌ವೇರ್, ಮತ್ತು ಚಿಪ್ಪನ್ನು ನಡೆಸಲು ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶ, ಅಂದರೆ ಡ್ರೈವರ್, ಒಂದಕ್ಕೊಂದು ಹೇಗೆ ಮಾತಾಡಬೇಕು ಅನ್ನುವುದೇ ನಮ್ಮ ತಂಡದ ಕೆಲಸ. ಅವಳು ಬೆರಳಿಟ್ಟಿರುವುದು ಸರಿಯಾಗಿ ಅಲ್ಲಿಗೇ.

ಹೌದು, ಸ್ಟ್ಯಾಂಡರ್ಡ್ ಇದೆ. ಐಇಇಇ 802.11, ಮೊದಲ ಆವೃತ್ತಿ 1997ರದ್ದು. ಗಾಳಿಯಲ್ಲಿ ಏನು ಹೋಗಬೇಕು, ಯಾವಾಗ ಹೋಗಬೇಕು ಎಂದು ಅದು ಒಂದೊಂದು ಬಿಟ್ ಲೆಕ್ಕ ಹಾಕಿ ಹೇಳುತ್ತದೆ. ಒಂದು ಫ್ರೇಮ್, ಅಂದರೆ ಮಾಹಿತಿಯ ಒಂದು ಕಂತು, ಬಂತು ಅಂದುಕೊಳ್ಳಿ. "ತಲುಪಿತು" ಅನ್ನುವ ಉತ್ತರ 2.4 ಗಿಗಾಹರ್ಟ್ಸ್‌ನಲ್ಲಾದರೆ 10 ಮೈಕ್ರೋಸೆಕೆಂಡ್ ಬಿಟ್ಟು, 5 ಗಿಗಾಹರ್ಟ್ಸ್‌ನಲ್ಲಾದರೆ 16 ಮೈಕ್ರೋಸೆಕೆಂಡ್ ಬಿಟ್ಟು ಹೊರಡಬೇಕು. ಅಷ್ಟು ಬಿಗಿ. ಅದಕ್ಕೇ ಯಾವ ಕಂಪನಿಯ ಫೋನಾದರೂ ಯಾವ ಕಂಪನಿಯ ರೌಟರಿಗಾದರೂ ಸೇರಿಕೊಳ್ಳುತ್ತದೆ.

ಆದರೆ ಅದೇ ಫ್ರೇಮನ್ನು ಕಳಿಸು ಎಂದು ನಿಮ್ಮ ಕಂಪ್ಯೂಟರ್ ಚಿಪ್ಪಿಗೆ ಹೇಳಬೇಕಲ್ಲ, ಅದು ಹೇಗೆ? ಚಿಪ್ಪಿನೊಳಗಿನ ಯಾವ ರಿಜಿಸ್ಟರಿನಲ್ಲಿ (ಆಜ್ಞೆ ಬರೆಯುವ ಪುಟ್ಟ ಗೂಡು) ಏನು ಬರೆಯಬೇಕು? ಚಾನೆಲ್ ಬದಲಾಯಿಸು ಅನ್ನುವ ಆಜ್ಞೆಗೆ ಯಾವ ನಂಬರ್? ಇದರ ಬಗ್ಗೆ ಆ ಸಾವಿರಾರು ಪುಟಗಳಲ್ಲಿ ಏನೂ ಇಲ್ಲ. ಗಾಳಿಯ ಕಡೆಗೆ ಎಲ್ಲರೂ ಒಂದೇ ಭಾಷೆ, ಕಂಪ್ಯೂಟರಿನ ಕಡೆಗೆ ಪ್ರತಿಯೊಬ್ಬರದೂ ಬೇರೆ ಭಾಷೆ.

ಇದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬಹುದು. ಟರ್ಮಿನಲ್ ತೆರೆದು, ಯುಎಸ್‌ಬಿ ಸಾಧನಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಯುಎಸ್‌ಬಿ ಕಮಾಂಡನ್ನು ಮೈನಸ್ ವಿ ಸೇರಿಸಿ ಓಡಿಸಿ. ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ಇಂಟರ್‌ಫೇಸ್ ಕ್ಲಾಸ್ ಅನ್ನುವ ಸಾಲುಗಳನ್ನು ಹುಡುಕಿ. ಮೌಸಿನ ಹೆಸರಿನ ಕೆಳಗೆ 3 ಅಂತ ಇರುತ್ತದೆ. ಪೆನ್‌ಡ್ರೈವಿಗೆ 8. ವೆಬ್‌ಕ್ಯಾಮಿಗೆ 14. ಆ ನಂಬರ್ ನೋಡಿದ ಕೂಡಲೇ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಇದು ಯಾವ ಜಾತಿ, ಇದರ ಜೊತೆ ಹೇಗೆ ಮಾತಾಡಬೇಕು ಎಂದು ಗೊತ್ತಾಗುತ್ತದೆ. ಕಂಪನಿ ಯಾವುದಾದರೇನು. ಈಗ ಆ ಓಡುತ್ತಿರುವ ಡಾಂಗಲ್ ನೋಡಿ. ಅಲ್ಲಿ 255 ಇರುತ್ತದೆ, ಪಕ್ಕದಲ್ಲಿ ವೆಂಡರ್ ಸ್ಪೆಸಿಫಿಕ್ ಎಂದು. ನನ್ನನ್ನು ನಡೆಸುವ ಬಗೆ ನನ್ನನ್ನು ಮಾಡಿದವರನ್ನೇ ಕೇಳಿ ಅನ್ನುವುದು ಅದರ ಅರ್ಥ.

ಲ್ಯಾಪ್‌ಟಾಪಿನ ಒಳಗೆ ಬ್ಲೂಟೂತ್ ಇದ್ದರೆ ಅದೂ ಈ ಪಟ್ಟಿಯಲ್ಲಿ ಸಿಗುತ್ತದೆ, ಕ್ಲಾಸ್ 224. ಬಹಳ ಸಲ ವೈಫೈ ಮತ್ತು ಬ್ಲೂಟೂತ್ ಎರಡೂ ಒಂದೇ ಕಾರ್ಡಿನ ಮೇಲೆ, ಒಂದೇ ಚಿಪ್ಪಿನಲ್ಲಿ ಇರುತ್ತವೆ. ಆದರೂ ಬ್ಲೂಟೂತ್‌ನ ಯುಎಸ್‌ಬಿ ಕಡೆಗೆ ಲಿನಕ್ಸ್‌ನಲ್ಲಿ ಬಹುಪಾಲು ಒಂದೇ ಡ್ರೈವರ್ ಸಾಕು. ಯಾಕೆಂದರೆ ಬ್ಲೂಟೂತ್ ಮಾಡಿದವರು ಗಾಳಿಯ ನಿಯಮದ ಜೊತೆಗೇ ಎಚ್‌ಸಿಐ ಎಂಬ ಇನ್ನೊಂದು ನಿಯಮ ಬರೆದರು. ಕಂಪ್ಯೂಟರ್ ಚಿಪ್ಪಿಗೆ ಯಾವ ಆಜ್ಞೆ ಕೊಡಬೇಕು, ಚಿಪ್ಪು ಏನೆಂದು ಉತ್ತರ ಕೊಡಬೇಕು ಅನ್ನುವುದು ಅದರಲ್ಲಿದೆ. ವೈಫೈಗೆ ಅಂಥದ್ದೊಂದನ್ನು ಯಾರೂ ಬರೆಯಲಿಲ್ಲ. ನನ್ನನ್ನು ಕೇಳಿದರೆ ಎಲ್ಲ ತೊಂದರೆಯ ಬೇರು ಇದು.

ಯಾಕೆ ಬರೆಯಲಿಲ್ಲ ಅಂದರೆ, ಯಾವ ಕೆಲಸ ಚಿಪ್ಪಿನದು, ಯಾವುದು ಕಂಪ್ಯೂಟರಿನದು ಅನ್ನುವ ಗೆರೆ ಎಂದೂ ಒಂದು ಕಡೆ ನಿಲ್ಲಲಿಲ್ಲ. ಆ 10 ಮೈಕ್ರೋಸೆಕೆಂಡಿನ ಉತ್ತರವನ್ನು ಚಿಪ್ಪೇ ಕೊಡಬೇಕು. ಯುಎಸ್‌ಬಿ ದಾಟಿ ಪ್ರೊಸೆಸರನ್ನು ಕೇಳಿ ಬರುವಷ್ಟು ಹೊತ್ತಿಲ್ಲ. ಆದರೆ ನೆಟ್‌ವರ್ಕ್ ಹುಡುಕುವುದು, ಸೇರುವುದು, ಸಿಗ್ನಲ್ ಕುಗ್ಗಿದಾಗ ವೇಗ ಇಳಿಸುವುದು, ಇವನ್ನು ಯಾರು ಬೇಕಾದರೂ ಮಾಡಬಹುದು. ಕೆಲವು ಕಂಪನಿಗಳು ಇವನ್ನೂ ಚಿಪ್ಪಿನೊಳಗೇ ಇಟ್ಟವು. ಅದಕ್ಕೆ ಫುಲ್‌ಮ್ಯಾಕ್ ಅನ್ನುತ್ತಾರೆ. ರಾಸ್ಪ್‌ಬೆರಿ ಪೈ 3ರಲ್ಲಿ ಇರುವುದು ಇಂಥದ್ದೇ. ಇನ್ನು ಕೆಲವರು ಚಿಪ್ಪನ್ನು ಅಗ್ಗ ಮಾಡಲು ಅದನ್ನೆಲ್ಲ ಕಂಪ್ಯೂಟರಿಗೆ ಬಿಟ್ಟರು. ಅದು ಸಾಫ್ಟ್‌ಮ್ಯಾಕ್. ಇವೆರಡರ ನಡುವೆ ಎಲ್ಲೆಲ್ಲೋ ಗೆರೆ ಎಳೆದವರೂ ಇದ್ದಾರೆ.

ಒಂದೇ ಕಂಪನಿಯೊಳಗೂ ಗೆರೆ ನಿಲ್ಲುವುದಿಲ್ಲ. ನಾನು ಕೆಲಸ ಮಾಡಿದ ಚಿಪ್ಪಿನಲ್ಲಿ ಪ್ರತಿ ಪ್ಯಾಕೆಟ್ಟಿನ ಮುಂದೆ ಡ್ರೈವರ್ ಒಂದು ಚೀಟಿ ಅಂಟಿಸಬೇಕಿತ್ತು. ಪಾರ್ಸೆಲ್ ಮೇಲೆ ವಿಳಾಸ ಅಂಟಿಸುತ್ತೇವಲ್ಲ, ಹಾಗೆ. ಯಾವ ವೇಗದಲ್ಲಿ ಕಳಿಸು, ಎಷ್ಟು ಸಲ ಮರುಪ್ರಯತ್ನ ಮಾಡು, ಯಾವ ಕೀಲಿಯಿಂದ ಗುಪ್ತಗೊಳಿಸು ಎಂದೆಲ್ಲ ಅದರಲ್ಲಿ ಇರುತ್ತದೆ. ಆ ಚೀಟಿ 32 ಬೈಟ್ ಇತ್ತು. ಮುಂದಿನ ಚಿಪ್ಪಿನಲ್ಲಿ ಅದು 40 ಬೈಟ್ ಆಯಿತು, ಒಳಗಿನ ಅರ್ಧ ಅಂಕಣಗಳು ಜಾಗ ಬದಲಾಯಿಸಿದವು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಹೊಸ ಸ್ಟ್ಯಾಂಡರ್ಡಿಗೆ ಹೊಸ ಅಂಕಣ ಬೇಕಿತ್ತು, ಸರ್ಕ್ಯೂಟ್ ಬರೆಯುವವರಿಗೆ ಆ ಜೋಡಣೆ ಸುಲಭವಾಗಿತ್ತು, ಮಾರುಕಟ್ಟೆಗೆ ಬೇಗ ಹೋಗಬೇಕಿತ್ತು. ವಿಂಡೋಸ್ ಡ್ರೈವರನ್ನು ಪಕ್ಕದ ಸಾಲಿನ ತಂಡ ಬರೆಯುತ್ತಿತ್ತು, ಅವರಿಗೆ ಒಂದು ಮೇಲ್ ಹಾಕಿದರೆ ಮುಗಿಯಿತು. ಹೊರಗೆ ಕೂತು ಅದೇ ಚಿಪ್ಪಿಗೆ ಮುಕ್ತ ಡ್ರೈವರ್ (ಯಾರು ಬೇಕಾದರೂ ಕೋಡ್ ಓದಿ ತಿದ್ದಬಹುದಾದದ್ದು) ಬರೆಯುತ್ತಿದ್ದವರಿಗೆ ಆ ಮೇಲ್ ಹೋಗಲಿಲ್ಲ. ಆ ದಾಖಲೆಯನ್ನು ಹೊರಗೆ ಕೊಡೋಣ ಎಂದು ನಾನು ಎರಡು ಸಲ ಕೇಳಿದೆ. ಅದರೊಳಗೆ ಬೇರೆಯವರಿಂದ ಲೈಸೆನ್ಸ್ ಪಡೆದ ಭಾಗಗಳ ವಿವರವೂ ಇದೆ, ವಕೀಲರು ಒಂದೊಂದು ಪುಟ ನೋಡಬೇಕು ಅಂದರು. ಮಾತು ಅಲ್ಲಿಗೇ ನಿಂತಿತು. ಈಗಲೂ ನೆನೆದರೆ ಬೇಜಾರಾಗುತ್ತದೆ.

ಈ ವಿಷಯದಲ್ಲಿ ವಿಂಡೋಸ್‌ಗೂ ಲಿನಕ್ಸ್‌ಗೂ ಒಂದೇ ಗತಿ. ಅಲ್ಲೂ ಚಿಪ್ಪಿಗೊಂದು ಡ್ರೈವರ್ ಬೇಕೇ ಬೇಕು. ಅದನ್ನು ಕಂಪನಿಯೇ ಬರೆದು ಕೊಡುತ್ತದೆ, ನಮಗೆ ಕಾಣುವುದಿಲ್ಲ, ಅಷ್ಟೇ. ನಿಮಗೆ ಕಂಡ ಆ ಸಿಡಿ ಅದೇ. ಡಾಂಗಲ್ ಮೊದಲು ತಾನು ಸಿಡಿ ಎಂದು ಹೇಳಿಕೊಂಡು ಡ್ರೈವರ್ ಕೊಡುತ್ತದೆ. ಡ್ರೈವರ್ ಬಂದ ಮೇಲೆ ಸಿಡಿ ಹೊರಗೆ ಬಾ ಅನ್ನುವ ಆಜ್ಞೆ ಹೋಗುತ್ತದೆ, ಆಗ ಅದು ವೈಫೈ ಆಗಿ ಮತ್ತೆ ಹುಟ್ಟುತ್ತದೆ.

ಇನ್ನು ಮುಕ್ತ ತಂತ್ರಾಂಶದವರು ಕೈ ಕಟ್ಟಿ ಕೂತಿರಲಿಲ್ಲ. ಈ ಚರಿತ್ರೆ ನನಗೆ ತುಂಬ ಇಷ್ಟ, ಸ್ವಲ್ಪ ಹೇಳುತ್ತೇನೆ. ಮೊದಮೊದಲು ಲಿನಕ್ಸ್‌ನಲ್ಲಿ ಪ್ರತಿ ಡ್ರೈವರ್ ತನ್ನದೇ ಪೂರ್ತಿ ವೈಫೈ ಸಂಸಾರವನ್ನು ಹೊತ್ತು ತಿರುಗುತ್ತಿತ್ತು. ಡಿವೈಸ್‌ಸ್ಕೇಪ್ ಎಂಬ ಕಂಪನಿ ತಾನು ಬರೆದ ವೈಫೈ ಸ್ಟ್ಯಾಕನ್ನು ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ಅಡಿ ಬಿಟ್ಟುಕೊಟ್ಟಿತು. ಅದನ್ನು ತಿದ್ದಿ ತೀಡಿ ಮ್ಯಾಕ್80211 ಎಂಬ ಹೆಸರಿನಲ್ಲಿ 2007ರ ಜುಲೈನಲ್ಲಿ ಬಂದ ಕರ್ನಲ್ 2.6.22ಕ್ಕೆ ಸೇರಿಸಿದರು. ಸಾಫ್ಟ್‌ಮ್ಯಾಕ್ ಚಿಪ್ಪುಗಳೆಲ್ಲ ಹಂಚಿಕೊಳ್ಳುವ ಕೆಲಸ ಅದರಲ್ಲಿ ಒಂದೇ ಸಲ ಬರೆದಿದೆ. ಅದರ ಮೇಲೆ ಸಿಎಫ್‌ಜಿ80211 ಎಂಬ ಇನ್ನೊಂದು ಪದರ. ಫುಲ್‌ಮ್ಯಾಕ್ ಆಗಲಿ, ಸಾಫ್ಟ್‌ಮ್ಯಾಕ್ ಆಗಲಿ, ನಿಮ್ಮ ಡೆಸ್ಕ್‌ಟಾಪಿನ ವೈಫೈ ಪಟ್ಟಿಗೆ ಎಲ್ಲ ಒಂದೇ ತರಹ ಕಾಣುವುದು ಇದರಿಂದಲೇ. ಅಂದರೆ ಮೇಲಿನ ಅರ್ಧಕ್ಕೆ ಲಿನಕ್ಸ್‌ನವರೇ ಒಂದು ಸ್ಟ್ಯಾಂಡರ್ಡ್ ಕಟ್ಟಿದ್ದಾರೆ. ಖಾಲಿ ಉಳಿದಿರುವುದು ಕೆಳಗಿನ ಅರ್ಧ. ಅದನ್ನು ಚಿಪ್ ಮಾಡುವವರಲ್ಲದೆ ಬೇರೆ ಯಾರೂ ತುಂಬಲಾಗದು.

ಕೆಲವರು ತುಂಬಿದರು, ಕೆಲವರು ತಡ ಮಾಡಿದರು. ಬ್ರಾಡ್‌ಕಾಮ್ ಚಿಪ್ಪುಗಳಿಗೆ ದಾಖಲೆ ಸಿಗದೆ ಇದ್ದಾಗ ಸ್ವಯಂಸೇವಕರು ಎರಡು ಗುಂಪಾದರು. ಒಂದು ಗುಂಪು ಕಂಪನಿಯ ಡ್ರೈವರನ್ನು ಬಿಡಿಸಿ ನೋಡಿ ಚಿಪ್ಪು ಹೇಗೆ ನಡೆಯುತ್ತದೆ ಎಂದು ಬರೆದಿಟ್ಟಿತು. ಇನ್ನೊಂದು ಗುಂಪು ಆ ಬರಹವನ್ನು ಮಾತ್ರ ಓದಿ ಹೊಸದಾಗಿ ಡ್ರೈವರ್ ಬರೆಯಿತು. ಕಾಪಿ ಹೊಡೆದರು ಎಂದು ಯಾರೂ ಹೇಳಬಾರದಲ್ಲ, ಅದಕ್ಕೆ. ಆ ಡ್ರೈವರ್ 2006ರಲ್ಲಿ ಕರ್ನಲ್ 2.6.17ಕ್ಕೆ ಸೇರಿತು. ಕಂಪನಿಯೇ ತನ್ನ ಮುಕ್ತ ಡ್ರೈವರ್ ಬಿಟ್ಟದ್ದು 2010ರ ಸೆಪ್ಟೆಂಬರಿನಲ್ಲಿ, ಅದೂ ಆಗಿನ ಹೊಸ ಚಿಪ್ಪುಗಳಿಗೆ. ಇನ್ನೊಂದು ಚಿಪ್ ಕಂಪನಿ ಅಥೆರಾಸ್ 2008ರಲ್ಲೇ ಎಟಿಎಚ್9ಕೆ ಡ್ರೈವರ್ ಕೊಟ್ಟಿತು. ಮುಂದೆ ಅದರ ಯುಎಸ್‌ಬಿ ಚಿಪ್ಪು ಎಆರ್9271ರ ಫರ್ಮ್‌ವೇರ್ ಕೂಡ ಮುಕ್ತವಾಯಿತು. ಅದಕ್ಕೇ ಆ ಹಳೆಯ ಚಿಪ್ಪಿನ ಡಾಂಗಲನ್ನು ಜನ ಇವತ್ತಿಗೂ ಹುಡುಕಿ ಕೊಳ್ಳುತ್ತಾರೆ.

ಕಾನೂನಿನದ್ದೂ ಒಂದು ಪಾತ್ರ ಇದೆ. ರೇಡಿಯೋ ಅಂದ ಮೇಲೆ ಯಾವ ದೇಶದಲ್ಲಿ ಯಾವ ಚಾನೆಲ್, ಎಷ್ಟು ಶಕ್ತಿ ಎಂದು ಸರ್ಕಾರ ಹೇಳುತ್ತದೆ. ಮೌಸಿಗೆ ಈ ತಾಪತ್ರಯ ಇಲ್ಲ. 2016ರಲ್ಲಿ ಅಮೆರಿಕದ ರೇಡಿಯೋ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಒಂದು ರೌಟರ್ ಕಂಪನಿಯಿಂದ 2 ಲಕ್ಷ ಡಾಲರ್ ದಂಡ ಕಟ್ಟಿಸಿಕೊಂಡಿತು. ಬಳಕೆದಾರರು ದೇಶದ ಕೋಡ್ ಬದಲಾಯಿಸಿ ಮಿತಿಗಿಂತ ಜಾಸ್ತಿ ಶಕ್ತಿಯಲ್ಲಿ ಓಡಿಸಬಹುದಿತ್ತು ಎಂಬ ಕಾರಣಕ್ಕೆ. ಹೀಗಿರುವಾಗ ಕಂಪನಿಗಳು ಆ ಮಿತಿಗಳನ್ನು ಫರ್ಮ್‌ವೇರ್ ಒಳಗೆ ಬೀಗ ಹಾಕಿ ಇಡುವುದು ಸಹಜ. ಆದರೆ ಬೀಗ ಒಂದು ಕೋಣೆಗೆ ಹಾಕಿದರೆ ಸಾಕಿತ್ತು. ಬಹಳ ಕಂಪನಿಗಳು ಇಡೀ ಮನೆಗೇ ಹಾಕಿದವು. ನನ್ನ ತಕರಾರು ಅಲ್ಲಿ.

ನಿಮ್ಮ ಏಳನೇ ಲ್ಯಾಪ್‌ಟಾಪಿನ ತೊಂದರೆ ಇದೇ ಇರಬಹುದು. ಶಾಲೆಯ ರೌಟರ್ ಯಾವ ಚಾನೆಲ್‌ನಲ್ಲಿದೆ ನೋಡಿ. 12 ಅಥವಾ 13 ಆಗಿದ್ದರೆ ಕಾರಣ ಸಿಕ್ಕಿತು. ನಮ್ಮ ದೇಶದಲ್ಲಿ ಅವೆರಡೂ ನಡೆಯುತ್ತವೆ. ಅಮೆರಿಕಕ್ಕೆಂದು ಸೆಟ್ ಆದ ಕಾರ್ಡು ಅತ್ತ ತಿರುಗಿಯೂ ನೋಡುವುದಿಲ್ಲ. ರೌಟರನ್ನು 1, 6 ಅಥವಾ 11ಕ್ಕೆ ಕಟ್ಟಿಹಾಕಿ.

ಡಾಂಗಲ್ ವಿಷಯ. ನಿಮ್ಮ ಫೋಟೋದಲ್ಲಿನ ಐಡಿ ನೋಡಿದೆ. ಡಬ್ಬ ಒಂದೇ ಆದರೂ ಒಳಗಿನ ಚಿಪ್ಪು ಬೇರೆ ಬೇರೆ ಕಂಪನಿಯವು. ಮಾಡೆಲ್ ನಂಬರ್ ಬದಲಾಯಿಸದೆ ಒಳಗಿನ ಚಿಪ್ ಬದಲಾಯಿಸುವುದು ಈ ವ್ಯಾಪಾರದಲ್ಲಿ ಮಾಮೂಲು. ಸಿಡಿ ತೋರಿಸುವ ನಿಮ್ಮ ಚಿಪ್ಪಿಗೆ ಕರ್ನಲ್ 6.2ರಲ್ಲಿ ಬೆಂಬಲ ಬಂತು. ಡೆಬಿಯನ್ 12ರಲ್ಲಿರುವುದು 6.1. ಒಂದೇ ಮೆಟ್ಟಿಲು ಹಿಂದೆ! 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 6.12 ಇದೆ. ಅದಕ್ಕೆ ಹೋಗಿ. ಸಿಡಿಯನ್ನು ಹೊರದಬ್ಬುವ ಕೆಲಸಕ್ಕೆ ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಪ್ಯಾಕೇಜ್ ಹಾಕಿಕೊಳ್ಳಿ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಅದೇ ಚಿಪ್ಪಿಗೆ ಯಾರೋ ಹಾಕಿರುವ ಡ್ರೈವರ್ ಕೋಡ್ ಸಿಗುತ್ತದೆ, ಕಂಪೈಲ್ ಮಾಡಿ, ಅಂದರೆ ಓಡುವ ಪ್ರೋಗ್ರಾಂ ಆಗಿ ಬದಲಾಯಿಸಿಕೊಂಡು, ಹಾಕಿ ಅನ್ನುತ್ತಾರೆ. ದಯವಿಟ್ಟು ಅತ್ತ ಹೋಗಬೇಡಿ. ಕರ್ನಲ್ ಒಳಗಿನ ಫಂಕ್ಷನ್‌ಗಳು ಹೀಗೇ ಇರುತ್ತವೆ ಎಂದು ಲಿನಕ್ಸ್‌ನವರು ಯಾರಿಗೂ ಮಾತು ಕೊಟ್ಟಿಲ್ಲ. ವೈಫೈ 7ಕ್ಕೆ ತಯಾರಿ ನಡೆದಾಗ ಸಿಎಫ್‌ಜಿ80211ರ ಹಲವು ಫಂಕ್ಷನ್‌ಗಳಿಗೆ ಲಿಂಕ್ ಐಡಿ ಎಂಬ ಹೊಸ ಅಂಶ ಸೇರಿತು. ಕರ್ನಲ್ ಒಳಗಿದ್ದ ಡ್ರೈವರ್‌ಗಳನ್ನೆಲ್ಲ ಬದಲಾಯಿಸಿದವರೇ ತಿದ್ದಿಕೊಟ್ಟರು. ಹೊರಗಿದ್ದವು ಮುಂದಿನ ಅಪ್‌ಡೇಟಿನಲ್ಲಿ ಕಂಪೈಲ್ ಆಗದೆ ನಿಂತವು. ಒಂದು ಸೋಮವಾರ ಬೆಳಿಗ್ಗೆ ಮಕ್ಕಳು ಕೂತಿರುವಾಗ ಹಾಗಾಗುವುದು ಬೇಡ.

---

ಉತ್ತರ: ಹುಬ್ಬಳ್ಳಿ ಸರ್ವಿಸ್ ಟೇಬಲ್

ಮೇಷ್ಟ್ರೇ, ಆರನೇ ಲ್ಯಾಪ್‌ಟಾಪಿನ ಬಗ್ಗೆ ನಾನು ಹೇಳುತ್ತೇನೆ. ಇಂಥವು ನನ್ನ ಟೇಬಲ್ಲಿಗೆ ಬಹಳ ಬಂದಿವೆ.

ಹಿಂದಿನ ಮುಚ್ಚಳ ತೆಗೆಯಿರಿ. ವೈಫೈ ಕಾರ್ಡು ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದರ ಮೂಲೆಯಲ್ಲಿ ಹಿತ್ತಾಳೆ ಬಣ್ಣದ ಎರಡು ಗುಂಡನೆಯ ಕನೆಕ್ಟರ್ ಇರುತ್ತವೆ, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಕಾರ್ಡಿಗೆ ಎರಡು ಆಂಟೆನಾದ ಜಾಗ ಇದೆ, ಆದರೆ ಖರ್ಚು ಉಳಿಸಲು ಲ್ಯಾಪ್‌ಟಾಪ್ ಮಾಡಿದವರು ಒಂದೇ ತಂತಿ ಎಳೆದಿರುತ್ತಾರೆ. ಆ ತಂತಿ ಯಾವ ಕನೆಕ್ಟರಿನಲ್ಲಿದೆ ಎಂದು ಕಾರ್ಡಿನೊಳಗೆ ಬರೆದಿಡಬೇಕು. ಅಲ್ಲಿ ತಪ್ಪು ಬರೆದಿರುತ್ತಾರೆ. ವಿಂಡೋಸ್‌ಗೆ ಕಂಪನಿ ಕೊಟ್ಟ ಡ್ರೈವರಿಗೆ ಆ ತಪ್ಪು ಗೊತ್ತಿರುತ್ತದೆ. ಲಿನಕ್ಸ್ ಡ್ರೈವರ್ ಕಾರ್ಡು ಹೇಳಿದ್ದನ್ನು ನಂಬಿ ಖಾಲಿ ಕನೆಕ್ಟರಿನಲ್ಲಿ ಕಿವಿಗೊಟ್ಟು ಕೂರುತ್ತದೆ. ಅದಕ್ಕೇ ರೌಟರ್ ಪಕ್ಕದಲ್ಲಿದ್ದರೆ ಮಾತ್ರ ಕೇಳಿಸುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಅಂದಂತಾಗುತ್ತದೆ.

ಎರಡು ದಾರಿ ಇವೆ. ಕೆಲವು ಡ್ರೈವರ್‌ಗಳಲ್ಲಿ ಆಂಟ್ ಸೆಲ್ ಎಂಬ ಆಯ್ಕೆ ಇದೆ, ಅದನ್ನು 1 ಅಥವಾ 2 ಮಾಡಿ ನೋಡಬೇಕು. ಅದಿಲ್ಲದಿದ್ದರೆ ತಂತಿಯನ್ನೇ ಕಿತ್ತು ಇನ್ನೊಂದು ಕನೆಕ್ಟರಿಗೆ ಒತ್ತಬೇಕು. ಉಗುರಿನಿಂದ ನೇರ ಮೇಲಕ್ಕೆ ಎತ್ತಿ, ಓರೆ ಮಾಡಬೇಡಿ. ಒತ್ತುವಾಗ ಟಕ್ ಎಂದು ಸಣ್ಣ ಸದ್ದು ಬರುತ್ತದೆ. ಬರದೆ ಒತ್ತಿದರೆ ಒಳಗಿನ ಪಿನ್ ಬಾಗುತ್ತದೆ.

ಕಾರ್ಡು ಸತ್ತಿರುವ ಎರಡಕ್ಕೂ ಬೇರೆ ಕಾರ್ಡು ಹಾಕಬಹುದು, ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತವೆ. ಆದರೆ ನಂಬರ್ ನೋಡಿ ಕೊಳ್ಳಿ. ಇಂಟೆಲ್‌ನ ಎಎಕ್ಸ್200 ಮಾಮೂಲಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು, ಎಲ್ಲ ಭಾಗವೂ ಅದರಲ್ಲೇ ಇದೆ. ಎಎಕ್ಸ್201 ನೋಡಲು ಹಾಗೇ ಇರುತ್ತದೆ, ಸ್ಲಾಟಿನಲ್ಲಿ ಕೂರುತ್ತದೆ ಕೂಡ. ಆದರೆ ಅದರಲ್ಲಿ ರೇಡಿಯೋ ಮಾತ್ರ ಇದೆ, ಉಳಿದ ಭಾಗ ಇಂಟೆಲ್‌ನ ಹೊಸ ಪ್ರೊಸೆಸರಿನ ಕಡೆಗೆ ಇದೆ. ನಿಮ್ಮ ಹಳೆಯ ಯಂತ್ರಗಳಲ್ಲಿ ಅದು ಏಳುವುದೇ ಇಲ್ಲ. ಹಳೆಯ ಲ್ಯಾಪ್‌ಟಾಪ್‌ಗಳ ಕೆಲವು ಬಯಾಸ್‌ಗಳು (ಆನ್ ಮಾಡಿದಾಗ ಮೊದಲು ಓಡುವ ತಂತ್ರಾಂಶ) ತಮ್ಮ ಪಟ್ಟಿಯಲ್ಲಿಲ್ಲದ ಕಾರ್ಡು ಕಂಡರೆ ಬೂಟ್ ಆಗುವುದನ್ನೇ ನಿಲ್ಲಿಸುತ್ತವೆ. ಹಾಗಾಗಿ ಕೊಳ್ಳುವ ಮೊದಲು ಓಡುತ್ತಿರುವ ಐದರಲ್ಲಿ ಒಂದರ ಕಾರ್ಡು ತೆಗೆದು ಇದಕ್ಕೆ ಹಾಕಿ ನೋಡಿ.

---

ಉತ್ತರ: ಬಿಎಸ್‌ಡಿ ಬಳಕೆದಾರ, ಮೈಸೂರು

ಮೇಲಿನ ಉತ್ತರಕ್ಕೆ ಲಿನಕ್ಸ್ ಆಚೆಯ ಒಂದು ಮಾತು ಸೇರಿಸುತ್ತೇನೆ. ಕೆಳಗಿನ ಅರ್ಧ ಖಾಲಿ ಇರುವುದರ ಪೆಟ್ಟು ಚಿಕ್ಕ ಆಪರೇಟಿಂಗ್ ಸಿಸ್ಟಂಗಳಿಗೆ ಇನ್ನೂ ಜೋರು.

ನಾನು ಫ್ರೀಬಿಎಸ್‌ಡಿ ಎಂಬ, ಲಿನಕ್ಸ್ ಅಲ್ಲದ ಇನ್ನೊಂದು ಮುಕ್ತ ಆಪರೇಟಿಂಗ್ ಸಿಸ್ಟಂ ಬಳಸುತ್ತೇನೆ. ಲಿನಕ್ಸ್‌ನ ಮ್ಯಾಕ್80211 ಇಲ್ಲಿ ಇಲ್ಲ. ಇಲ್ಲಿರುವುದು ನೆಟ್80211 ಎಂಬ ಬೇರೆ ಪದರ. ಹಾಗಾಗಿ ಲಿನಕ್ಸ್‌ಗೆಂದು ಬರೆದ ಡ್ರೈವರ್ ಇಲ್ಲಿ ನೇರ ಕೂರುವುದಿಲ್ಲ. ಲಿನಕ್ಸ್‌ಕೆಪಿಐ ಎಂಬ ಒಂದು ಅಳವಡಿಕೆ ಪದರ ಕಟ್ಟಿ, ಇಂಟೆಲ್‌ನ ಲಿನಕ್ಸ್ ಡ್ರೈವರನ್ನು ಅದರ ಮೇಲೆ ಓಡಿಸಿದರು. 2022ರ 13.1ರಲ್ಲಿ ಅದು ಬಂತು. ಆಗ ವೇಗ 54 ಮೆಗಾಬಿಟ್‌ನ ಹಳೆಯ ಕಾಲದ್ದೇ. 11ಎನ್, 11ಎಸಿ ಎಂಬ ಮುಂದಿನ ವೈಫೈ ಪೀಳಿಗೆಗಳ ವೇಗ ಸಿಕ್ಕಿದ್ದು 2025ರ ಜೂನ್‌ನ 14.3ರಲ್ಲಿ. ಮೂರು ವರ್ಷ! ಆ ನಡುವೆ ನಾನು ವೈಫೈಬಾಕ್ಸ್ ಬಳಸಿದೆ. ಅದು ಏನು ಮಾಡುತ್ತದೆ ಗೊತ್ತಾ? ಫ್ರೀಬಿಎಸ್‌ಡಿ ಒಳಗೆ ಒಂದು ಪುಟ್ಟ ಲಿನಕ್ಸ್ ವರ್ಚುವಲ್ ಮಷೀನ್ ಓಡಿಸಿ, ವೈಫೈ ಕಾರ್ಡನ್ನು ಅದರ ಕೈಗೆ ಕೊಟ್ಟು, ಅದರಿಂದ ನೆಟ್‌ವರ್ಕ್ ಪಡೆಯುತ್ತದೆ. ಒಂದು ಕಾರ್ಡು ನಡೆಸಲು ಇನ್ನೊಂದು ಆಪರೇಟಿಂಗ್ ಸಿಸ್ಟಂ. ಅದನ್ನು ಬರೆದವರ ಮೇಲೆ ನನಗೆ ತುಂಬ ಗೌರವ. ಆದರೂ ಇಷ್ಟು ಕಷ್ಟ ಬೇಕಾಯಿತಲ್ಲ ಅನ್ನಿಸುತ್ತದೆ.

ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಬಿಎಸ್‌ಡಿಯವರು ಹಿಡಿದ ಹಾದಿಯೇ ಸರಿ ಎಂದು ನನ್ನ ನಂಬಿಕೆ. ಮುಚ್ಚಿದ ಡ್ರೈವರ್ ಬೇಡ, ದಾಖಲೆ ಕೊಡಿ, ಡ್ರೈವರ್ ನಾವು ಬರೆಯುತ್ತೇವೆ ಎಂದು ಅವರು ಕಂಪನಿಗಳನ್ನು ಕೇಳುತ್ತಲೇ ಬಂದರು. ಅಥೆರಾಸ್ ಚಿಪ್ಪಿನ ಮುಚ್ಚಿದ ಭಾಗವನ್ನು ಬಿಡಿಸಿ ಮುಕ್ತವಾಗಿ ಮೊದಲು ಬರೆದದ್ದು ಓಪನ್‌ಬಿಎಸ್‌ಡಿಯ ರೈಕ್ ಫ್ಲೋಟರ್. ಲಿನಕ್ಸ್‌ನ ಎಟಿಎಚ್5ಕೆ ಡ್ರೈವರ್ ಬೆಳೆದದ್ದು ಆ ಕೆಲಸದ ಮೇಲೇ.

---

ಮಲೆನಾಡ ಗಣಿತ ಮೇಷ್ಟ್ರು

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ನಿನ್ನೆ ಆ ಹುಡುಗಿಯನ್ನೂ ಅವಳ ಮೂವರು ಗೆಳತಿಯರನ್ನೂ ಕೂರಿಸಿಕೊಂಡು ಕ್ಲಾಸ್ ನಂಬರ್‌ಗಳನ್ನು ತೋರಿಸಿದೆ. 3, 8, 14 ಸಿಕ್ಕಾಗ ಬೋರ್ಡಿನ ಮೇಲೆ ಬರೆದುಕೊಂಡರು. 255 ಸಿಕ್ಕಾಗ ಅವಳೇ ಹೇಳಿದಳು, "ಒಂದು ಬೈಟಿನ ಕೊನೇ ನಂಬರ್ ಸಾರ್, ಎಲ್ಲ ಮುಗಿದ ಮೇಲೆ ಉಳಿದವರಿಗೆ ಕೊಟ್ಟಿದ್ದಾರೆ" ಎಂದು. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಅವಳ ಮುಂದಿನ ಪ್ರಶ್ನೆ: ಈಗಲಾದರೂ ಎಲ್ಲರೂ ಸೇರಿ ಆ ಕೆಳಗಿನ ಅರ್ಧಕ್ಕೆ ನಿಯಮ ಬರೆಯಬಹುದಲ್ವಾ?

---

ಚಿಪ್ಪಿನ ಈಚೆ ಕಡೆ

255ರ ಮಾತು ಕೇಳಿ ಖುಷಿಯಾಯಿತು. ಅವಳಿಗೆ ನನ್ನ ಶಾಬಾಸ್ ಹೇಳಿ.

ಬರೆಯಬಹುದು. ತಂತ್ರದ ಅಡ್ಡಿ ಇದೆ, ಆದರೆ ದಾಟಲಾಗದ್ದಲ್ಲ. ಡಿಸ್ಕ್‌ಗಳ ಲೋಕದಲ್ಲಿ ಎನ್‌ವಿಎಂಇ ಎಂಬ ಸಾಮಾನ್ಯ ನಿಯಮ ಬಂದದ್ದು ಹಾಗೇ. ಯಾವ ಕಂಪನಿಯ ಎಸ್‌ಎಸ್‌ಡಿ ಹಾಕಿದರೂ ಒಂದೇ ಡ್ರೈವರ್ ಸಾಕು. ಅಲ್ಲಿ ಕಂಪನಿಗಳಿಗೆ ಒಂದು ಒತ್ತಡ ಇತ್ತು. ಡಿಸ್ಕ್ ಕಾಣದಿದ್ದರೆ ಕಂಪ್ಯೂಟರ್ ಬೂಟ್ ಆಗುವುದೇ ಇಲ್ಲ, ಡ್ರೈವರ್ ಆಮೇಲೆ ಹಾಕೋಣ ಅನ್ನುವಂತಿಲ್ಲ. ವೈಫೈ ಇಲ್ಲದೆಯೂ ಯಂತ್ರ ಏಳುತ್ತದೆ, ಡ್ರೈವರ್ ಆಮೇಲೆ ಬರುತ್ತದೆ ಎಂದು ಎಲ್ಲರೂ ಸುಮ್ನೆ ಇದ್ದುಬಿಟ್ಟರು. ಇನ್ನೊಂದು ಕಾರಣ, ಎರಡು ರೌಟರ್‌ಗಳ ನಡುವೆ ಗಿರಾಕಿ ಆರಿಸುವುದು ವೇಗ ನೋಡಿ. ವೇಗ ಹೆಚ್ಚಿಸುವ ಉಪಾಯ ಎಲ್ಲ ಇರುವುದು ಆ ಗೆರೆಯ ಆಚೀಚೆ. ಅದನ್ನು ಒಂದು ಕಡೆ ಕಟ್ಟಿಹಾಕಿದರೆ ತಮ್ಮ ಕೈ ಕಟ್ಟಿದಂತೆ ಎಂದು ನಮ್ಮ ಮೀಟಿಂಗ್‌ಗಳಲ್ಲಿ ಹೇಳುತ್ತಿದ್ದರು. ಆ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಆದರೆ ನೆಟ್‌ವರ್ಕ್ ಹುಡುಕು, ಸೇರು, ಪ್ಯಾಕೆಟ್ ಕಳಿಸು ಅನ್ನುವಷ್ಟಕ್ಕಾದರೂ ಒಂದು ಸಾಮಾನ್ಯ ಆಜ್ಞೆಗಳ ಪಟ್ಟಿ ಇಟ್ಟು, ಉಳಿದ ಉಪಾಯಗಳನ್ನು ಅವರವರ ಡ್ರೈವರಿಗೆ ಬಿಡಬಹುದು. ಮಾಮೂಲಿ ಮೌಸಿನ ಕೆಲಸ ಕ್ಲಾಸ್ 3ರಲ್ಲಿ ನಡೆದು, ಹೆಚ್ಚುವರಿ ಬಟನ್‌ಗಳಿಗೆ ಕಂಪನಿಯ ತಂತ್ರಾಂಶ ಇರುತ್ತದಲ್ಲ, ಆ ತರಹ. ಅಷ್ಟಾಗಿದ್ದರೂ ನಿಮ್ಮ ಎರಡನೇ ಡಾಂಗಲ್ ಮೊದಲ ದಿನವೇ ನಿಧಾನವಾಗಿಯಾದರೂ ಓಡುತ್ತಿತ್ತು.

---

ಮಲೆನಾಡ ಗಣಿತ ಮೇಷ್ಟ್ರು

ಇವತ್ತಿನ ಲೆಕ್ಕ. ಎಂಟು ಓಡುತ್ತಿವೆ.

ರೌಟರ್ ತಾನಾಗಿಯೇ ಚಾನೆಲ್ 13 ಆರಿಸಿಕೊಂಡಿತ್ತು. 6ಕ್ಕೆ ಕಟ್ಟಿದ ಅರ್ಧ ನಿಮಿಷದಲ್ಲಿ ಏಳನೇ ಲ್ಯಾಪ್‌ಟಾಪಿಗೆ ಶಾಲೆಯ ಹೆಸರು ಕಂಡಿತು. ಒಂಬತ್ತನೆಯದಕ್ಕೆ ಡೆಬಿಯನ್ 13 ಹಾಕಿದೆ, ಎರಡನೇ ಡಾಂಗಲ್ ಸಿಡಿಯಾಗಿ ಬಂದು ಕ್ಷಣದಲ್ಲೇ ಮಾಯವಾಗಿ ವೈಫೈ ಆಯಿತು. ಮಕ್ಕಳಿಗೆ ಅದು ಎಷ್ಟು ಹಿಡಿಸಿತು ಅಂದರೆ ನಾಲ್ಕು ಸಲ ಕಿತ್ತು ಹಾಕಿಸಿದರು.

ಉಳಿದಿರುವುದು ಆರನೆಯದು. ಮುಚ್ಚಳ ತೆಗೆದು ಫೋಟೋ ಹಾಕಿದ್ದೇನೆ. ಹೇಳಿದ ಹಾಗೇ ಎರಡು ಕನೆಕ್ಟರ್, ಒಂದೇ ಕಪ್ಪು ತಂತಿ. ಆಂಟ್ ಸೆಲ್ ಆಯ್ಕೆ ಈ ಡ್ರೈವರಿನಲ್ಲಿ ಸಿಗಲಿಲ್ಲ. ಹುಬ್ಬಳ್ಳಿಯವರೇ, ತಂತಿಯ ತುದಿಯ ಹತ್ತಿರ ಒಂದು ಸಣ್ಣ ಟೇಪ್ ಅಂಟಿಸಿದ್ದಾರೆ. ಅದನ್ನು ಬಿಡಿಸಿಯೇ ಎತ್ತಬೇಕಾ, ಅಥವಾ ಟೇಪ್ ಇದ್ದ ಹಾಗೇ ಪಕ್ಕದ ಕನೆಕ್ಟರಿಗೆ ತಂತಿ ಎಟುಕುತ್ತದಾ, ಫೋಟೋ ನೋಡಿ ಹೇಳಿ. ಶನಿವಾರದವರೆಗೆ ಮುಟ್ಟುವುದಿಲ್ಲ.